ಹೊಸ ಶೀಟಿಗೆ ಒಂದು ಕೊಡ ನೀರು

ಕಂಪ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಅಂಗಡಿ. ಮನೆಗೆ ಹೊದಿಸುವ ಶೀಟು, ಗದ್ದೆಯ ಪೈಪು, ತಾಡಪಾಲು, ಎಲ್ಲ ಒಂದೇ ಕಂಪನಿಯ ಮಾಲು. ಏಜೆನ್ಸಿ ನಮ್ಮ ಯಜಮಾನರ ಹೆಸರಿನಲ್ಲಿತ್ತು. ಅಂಗಡಿ ನಡೆಸಿದ್ದು ಇಬ್ಬರೂ.

ಅವರಿಗೊಂದು ಹುಚ್ಚು. ಶೀಟು ಮಾರಿದರೆ ಕೆಲಸ ಮುಗಿಯಿತು ಎನ್ನುವವರಲ್ಲ. ಫಿಟಿಂಗ್ ಆದ ದಿನ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಆ ಮನೆಗೆ ಹೋಗುವರು. ತಾವು ಏಣಿ ಹತ್ತಿ ಒಂದೊಂದು ಬೋಲ್ಟಿನ ಮೇಲೂ ಕೊಡದಿಂದ ನೀರು ಸುರಿಯುವರು. ನಾನು ಒಳಗೆ ಕತ್ತೆತ್ತಿ ನಿಂತು, ಹನಿ ಬೀಳದಿದ್ದರೆ ಕೂಗಿ ಹೇಳಬೇಕು. ನಾನು ಹೇಳುವ ತನಕ ಇಳಿಯುತ್ತಿರಲಿಲ್ಲ, ಪುಣ್ಯಾತ್ಮರು. ಕತ್ತು ನೋವು, ಸೀರೆಯೆಲ್ಲ ಧೂಳು. ವಾಪಸು ಬರುವಾಗ ದಾರಿಯುದ್ದಕ್ಕೂ ಬೈಯುತ್ತಿದ್ದೆ. ಅವರು ನಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಗಲ್ಲಾದ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡರು. ಹೊಸಪೇಟೆಯ ಆಸ್ಪತ್ರೆ ಮುಟ್ಟಲಿಲ್ಲ.

ಏಜೆನ್ಸಿಯನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಲು ಕಂಪನಿ ಆಫೀಸಿಗೆ ಹೋದೆ. ಅದೊಂದು ಉಳಿದರೆ ಅವರೂ ಸ್ವಲ್ಪ ಉಳಿದಂತೆ ಎಂದುಕೊಂಡಿದ್ದೆ. ಅಲ್ಲಿನ ಸಾಹೇಬ ಚಹಾ ತರಿಸಿದ, ಮರ್ಯಾದೆಯಿಂದಲೇ ಮಾತಾಡಿದ. ಹಳ್ಳಿ ಹಳ್ಳಿ ತಿರುಗುವ ಕೆಲಸ, ಹೆಂಗಸರಿಗೆ ಆಗುವುದಿಲ್ಲ ಎಂದ. ಅವನ ತಲೆ! ಇಷ್ಟು ವರ್ಷ ಶೀಟಿನ ಕೆಳಗೆ ನಿಂತವರು ಯಾರಂತೆ? ಕೇಳಬೇಕೆಂದುಕೊಂಡೆ, ಕೇಳದೆ ಎದ್ದು ಬಂದೆ. ಏಜೆನ್ಸಿ ಎದುರಿನ ಹೊಸ ಅಂಗಡಿಗೆ ಹೋಯಿತು. ನಮ್ಮ ಬೋರ್ಡು ಬಿಚ್ಚಿದ ದಿನ, ಅವರನ್ನು ಕಳಿಸಿದ ದಿನದಷ್ಟೇ ಅತ್ತೆ.

ಉಳಿದ ಹಳೇ ಮಾಲು ಮಾರುತ್ತ ಅಂಗಡಿಯಲ್ಲೇ ಕೂತಿದ್ದೆ. ತಿಂಗಳ ಮೇಲೆ ಮೆಟ್ರಿ ಹಳ್ಳಿಯ ರೈತನೊಬ್ಬ ಬಾಗಿಲಲ್ಲಿ ನಿಂತ. ನಮ್ಮ ಹಳೇ ಗಿರಾಕಿ. ಈ ಸಲ ಎದುರಿನವರ ಹತ್ತಿರ ಶೀಟು ಕೊಂಡಿದ್ದ. ಅದನ್ನು ಹೇಳಲು ನಾಚಿದ.

“ಫಿಟಿಂಗ್ ಆಗೇತ್ರಿ ಅಕ್ಕಾರ. ನೀರು ಹಾಕಿ ನೋಡಾಕ ನೀವ ಬರ್ರಿ. ನೀವು ಸೋರಂಗಿಲ್ಲ ಅಂದ್ರ ನಮಗ ನಂಬಿಕಿ.”

ಸಿಟ್ಟು ನೆತ್ತಿಗೇರಿತು. ಮಾಲು ಅಲ್ಲಿ, ನೋಡುವುದಕ್ಕೆ ನಾನು! ಎರಡು ಮಾತು ಬೈದೆ. ಆಮೇಲೆ ಅಂಗಡಿಗೆ ಬೀಗ ಹಾಕಿ ಅವನ ಜೊತೆ ಹೋದೆ.

ರೈತನೇ ಕೊಡ ಹಿಡಿದು ಮೇಲೆ ಹತ್ತಿದ. ನಾನು ಒಳಗೆ ನಿಂತು ಕತ್ತೆತ್ತಿದೆ. ತಲೆಯ ಮೇಲೆ ನೀರು ಹರಿಯುವ ಅದೇ ಸದ್ದು. ಒಂದೊಂದು ಬೋಲ್ಟನ್ನೂ ನೋಡಿದೆ. ಎಲ್ಲೂ ಹನಿಯಿಲ್ಲ. ಬಾಯಿ ರೂಢಿಯಂತೆ ಕೂಗಿಬಿಟ್ಟಿತು.

“ಸೋರಂಗಿಲ್ಲ ರೀ. ಸಾಕು, ಇಳೀರಿ ಇನ್ನ.”

ಹೊರಗೆ ಬಂದೆ. ಏಣಿ ಇಳಿಯುತ್ತಿದ್ದ ಕಾಲುಗಳು ಅವರವಲ್ಲ. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ನನ್ನ ಮುಖ ನೋಡಿ ರೈತ ಗಾಬರಿಯಾದ.

“ಎಲ್ಲಿ ಸೋರಾಕ ಹತ್ತೇತ್ರಿ ಅಕ್ಕಾರ?”

ಎಲ್ಲೂ ಇಲ್ಲಪ್ಪ, ಶೀಟು ಚೆನ್ನಾಗಿವೆ ಎಂದೆ.