ಹೆಸರು ತೆಗೆದ ನಕ್ಷೆ

ಹ್ವಾಯ್, ಇವತ್ತು ನಾವುಂದದ ನಮ್ಮ ಮನೆಗೆ ಒಬ್ಬ ಕಂಪ್ಯೂಟರ್ ಕಂಪನಿಯವ ಬಂದಿದ್ದ. ನಮ್ಮ ಬೋಟು ಎಲ್ಲೆಲ್ಲಿ ಬಲೆ ಹಾಕಿತು, ಎಂಥ ಮೀನು ಸಿಕ್ಕಿತು ಎಂಬುದನ್ನೆಲ್ಲ ಅವರ ಕಂಪ್ಯೂಟರ್ ಓದಿ, ಮುಂದೆ ಎಲ್ಲಿಗೆ ಹೋದರೆ ಒಳ್ಳೆಯದು ಅಂತ ಹೇಳುತ್ತದಂತೆ.

"ನಮ್ ಜಾಗದ ಗುಟ್ಟ್ ನಿಮ್ ಕೈಗ್ ಕೊಡ್ಕಾ?" ಅಂದೆ.

"ಇಲ್ಲ ಮಾರಾಯ್ರೆ, ಎಲ್ಲ ನಿಮ್ಮದೇ ಕ್ಲೌಡ್ ಸ್ಟೋರೇಜಲ್ಲಿ ಇರ್ತದೆ. ಬೀಗದಕೈ ನಿಮ್ಮ ಹತ್ರವೇ. ನಾವು ಬರೀ ಓದುದು" ಅಂದ.

ಸರಿ ಕಂಡಿತು. "ಹ್ಯಾಂಗಿರತ್ತ್, ಒಂದ್ಸಲ ತೋರ್ಸ್ ಕಾಂಬ" ಅಂದೆ. ಅವ ಲ್ಯಾಪ್‌ಟಾಪಿನಲ್ಲಿ ಬೇರೆ ಯಾರದ್ದೋ ಬೋಟಿನ ನಕ್ಷೆ ತೆರೆದ. "ಹೆಸರು ತೆಗ್ದಿದ್ದೇವೆ, ಯಾರದ್ದಂತ ಗೊತ್ತಾಗುದಿಲ್ಲ."

ಹೆಸರು ಯಾರಿಗೆ ಬೇಕು? ಬೋಟು ಹೊರಟ ಬಂದರು, ಬಂಡೆ ಸುತ್ತಿ ಹೋಗುವ ದಾರಿ ಕಂಡರೆ ಸಾಲದೇ? ಅದು ನನ್ನ ಭಾವನ ಬೋಟು. ಮೂವತ್ತು ವರ್ಷದಿಂದ ಕೇಳಿದರೂ ತಾನು ಬಲೆ ಹಾಕುವ ಆ ಜಾಗ ನನಗೆ ಹೇಳದ ಮನುಷ್ಯ. ಕಟ್ಟಿಕೊಂಡ ನನ್ನ ಅಕ್ಕನಿಗೂ ಹೇಳಿಲ್ಲ.

"ನನ್ ನಕ್ಷೆ ನೀನ್ ನಾಳೆ ಯಾರ್ ಮನೆ ಜಗ್ಲಿ ಮೇಲ್ ಬಿಡ್ಸ್ತೆ? ಏಳ್ ಮಾರಾಯ!" ಅಂತ ಅವನನ್ನು ಓಡಿಸಿದೆ.

ಭಾವನಿಗೆ ಫೋನ್ ಮಾಡಿ ಹೇಳಬೇಕು. ನಾಳೆ ನಮ್ಮ ಬೋಟು ಅಲ್ಲಿಗೆ ಹೋಗಿ ವಾಪಸ್ ಬಂದ ಮೇಲೆ ಹೇಳುತ್ತೇನೆ.