ಮೂಲಪುರುಷನ ಹುಡುಕಾಟ

ತಾಳಗುಂದದ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಗೆ ‘ಸೊರಬದೋರ ಮನೆ’ ಎಂದೇ ಹೆಸರು. ಯಾವ ಕಾಲದಲ್ಲಿ ಯಾರು ಸೊರಬದಿಂದ ಬಂದು ಕಾಡು ಕಡಿದು ಹೊಲ ಮಾಡಿದರೋ, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನನ್ನ ತಂಗಿಗೆ ಸೊರಬದ ಸಂಬಂಧ ಕೂಡಿಬಂದಾಗ ಕೆಡಿಸಿಕೊಳ್ಳಬೇಕಾಯಿತು. ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ದೊಡ್ಡಪ್ಪ ಅಡ್ಡಗಾಲು ಹಾಕಿದರು.

“ಅವ್ರೂ ಸೊರಬದೋರು, ನಾವೂ ಸೊರಬದೋರು. ಮೂಲಕ್ಕೋದ್ರೆ ಅಣ್ಣತಮ್ಮಂದಿರ ಮನೆ. ಅಣ್ಣಂಗೆ ತಂಗೀನ ಕೊಡ್ತಾರೇನ್ರೋ?”

ಅಪ್ಪನಿಗೆ ಅವರಣ್ಣನ ಮಾತು ವೇದವಾಕ್ಯ. ಹಳೆಯ ದಾಖಲೆ ತೆಗೆಸಿ ಇತ್ಯರ್ಥ ಮಾಡುತ್ತೇನೆಂದು ನಾನು ಹೊರಟೆ.

ಶಿಕಾರಿಪುರದ ಕಚೇರಿಯಲ್ಲಿ ಸರ್ವೆ ನಂಬರು ಕೇಳಿದರು. ಒಯ್ದರೆ, “ಇದು ಹೊಸದು ಕಣ್ರೀ, ಹಳೇದು ತರ್ರಿ” ಎಂದರು. ಸೊರಬಕ್ಕೆ ಹೋದರೆ, ಜಮೀನು ಶಿಕಾರಿಪುರದ್ದಾದರೆ ಇಲ್ಲೇನು ಕೆಲಸ ಎಂದು ಗದರಿದರು. ಸಾಹೇಬರು ಅರ್ಜಿಗೆ ಸಹಿ ಹಾಕಿದರೂ ಗುಮಾಸ್ತ ಬೀಗ ತೆಗೆಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬಸ್ಸಿನಲ್ಲಿ ನಿಂತು ನಿಂತು ಕಾಲು ಸೋತವು, ಸಿಟ್ಟು ಮಾತ್ರ ಸೋಲಲಿಲ್ಲ.

ಕೊನೆಗೆ ದಾಖಲೆ ಸಿಕ್ಕಿತು, ಅದನ್ನು ಓದುವ ಬಗೆ ನನಗೆ ಗೊತ್ತಿರಲಿಲ್ಲ. ಮೂಲಪುರುಷನನ್ನು ಹುಡುಕುವವನಲ್ಲವೇ, ‘ಬಿನ್’ ಎಂದಿದ್ದ ಕಡೆಯಷ್ಟೇ ಬೆರಳಿಟ್ಟುಕೊಂಡು ಹೋದೆ, ಇಂಥವನ ಮಗ ಇಂಥವನೆಂದು. ನಡುವೆ ಇದ್ದ ಒಂದು ‘ಕೋಂ’ ಕಣ್ಣಿಗೆ ಬಿದ್ದದ್ದು ತುಂಬ ತಡವಾಗಿ. ಸೊರಬದಿಂದ ಬಂದವನಿಗೆ ಒಬ್ಬಳೇ ಮಗಳು. ಹೊಲ ಅವಳ ಹೆಸರಿಗೆ ಇಳಿದಿತ್ತು. ‘ಕೋಂ’ ಆದಮೇಲೆ ಅವಳ ಗಂಡನ ಹೆಸರು, ತೊಗರ್ಸಿಯವನು. ಸೊರಬದ ಮೂಲಪುರುಷನೆಂದು ನಾವು ವರ್ಷವರ್ಷ ಎಡೆ ಇಡುತ್ತಿದ್ದುದು ಆತನಿಗೇ! ಅಂದರೆ ಆತ ಮನೆ ಅಳಿಯ. ಸೊರಬದವರು ನಮಗೆ ಹೆಣ್ಣಿನ ಕಡೆಯವರೇ ಹೊರತು ಅಣ್ಣತಮ್ಮಂದಿರಲ್ಲ. ಮದುವೆಗೆ ಯಾವ ಅಡ್ಡಿಯೂ ಇರಲಿಲ್ಲ.

ಕುಣಿಯುತ್ತಾ ಬಂದು ಓದಿ ಹೇಳಿದೆ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು.

“ಮನೆ ಅಳಿಯನ ವಂಶ ಅಂತ ಊರಾಗೆ ಡಂಗುರ ಹೊಡಿಬೇಕಾ? ನಾವು ಸೊರಬದೋರೇ. ಮುಚ್ಚಿಡು ಅದನ್ನ.”

ನಾನು ಕೂಗಾಡಿದೆ. ಅಪ್ಪ ಎದ್ದು ದನ ಕಟ್ಟಲು ಹೋದರು. ಆ ಬೆನ್ನನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸೊರಬದವರು ಎಷ್ಟು ದಿನ ಕಾದಾರು? ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಯಿತು. ಅವನಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ. ಅವರ ಹಿರಿಯರು ಮದುವೆಗೆ ಕರೆಯಲು ಬಂದವರು, “ನೀವೇ ಹೇಳಿದ್ರಲ್ಲ, ಅಣ್ಣತಮ್ಮಂದಿರು ಅಂತ. ಕಳಸ ಹಿಡಿಯಕ್ಕೆ ನಿಮ್ಮ ಹುಡುಗೀನ ಕಳಿಸಿ” ಎಂದರು. ದೊಡ್ಡಪ್ಪ ಎಲೆಅಡಿಕೆ ಕೊಟ್ಟು ಒಪ್ಪಿಕೊಂಡರು.

ಹೋಗಬೇಡವೆಂದು ತಂಗಿಗೆ ಹೇಳಿದೆ. ಅವಳು ಜಡೆ ಹೆಣೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

“ಅಣ್ಣನ ಮದುವೆ ಕಣಣ್ಣಾ,” ಎಂದಳು. “ತಂಗಿ ಹೋಗ್ದೆ ಇದ್ರೆ ಆಗುತ್ತಾ?”