ಪಕ್ಕದ ಅಪಾರ್ಟ್‌ಮೆಂಟಿನ ಕೊನೆಯ ಕುಡಿ

ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗ, 1990ರ ಸುಮಾರಿನಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಮನೆಯೊಳಗೆ ಇರಲಿಲ್ಲ. ಕಾರು ನಿಲ್ಲಿಸುವ ಜಾಗದ ಪಕ್ಕ ಎಲ್ಲರಿಗೂ ಸೇರಿ ಒಂದು ಲಾಂಡ್ರಿ ಕೋಣೆ ಇತ್ತು. ಪಕ್ಕದ ಮನೆಯ ಮುದುಕರೊಡನೆ ನಾನು ಮೊದಲು ಮಾತಾಡಿದ್ದು ಅಲ್ಲಿಯೇ. ಎಂಬತ್ತರ ಹತ್ತಿರದವರು, ಉದ್ದನೆಯ ಆಳು, ಬಟ್ಟೆ ಒಗೆಯಲು ಬರುವಾಗಲೂ ಟೈ ಕಟ್ಟಿರುತ್ತಿದ್ದರು. ಅವತ್ತು ದೊಡ್ಡದೊಂದು ಬೆಡ್‌ಶೀಟನ್ನು ಒಬ್ಬರೇ ಮಡಚಲಾಗದೆ ಒದ್ದಾಡುತ್ತಿದ್ದರು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಮಡಚಿ ಮುಗಿದ ಮೇಲೆ ಹಿಮ್ಮಡಿ ಜೋಡಿಸಿ ನಿಂತು ನನಗೆ ತಲೆಬಾಗಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆ ದಿನಗಳಲ್ಲಿ ನನಗೆ ನಗು, ಅಳು ಏನೂ ಬರುತ್ತಿರಲಿಲ್ಲ. ಹಿಂದಿನ ವರ್ಷ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮ್ಮವರು ಬೆಳಿಗ್ಗೆ ಸಾಂಟಾ ಕ್ಲಾರಾದ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಒಮ್ಮೆ ಬಿಸಿ ಬಾಣಲೆಯ ಹಿಡಿ ಮುಟ್ಟಿದ್ದು, ಕೈಯಲ್ಲಿ ಗುಳ್ಳೆ ಎದ್ದ ಮೇಲೆ ನನಗೆ ಗೊತ್ತಾಯಿತು.

ಶನಿವಾರ ಸಂಜೆ ಹಾಸನಕ್ಕೆ ಫೋನು. ಇವರು ಒಬ್ಬನೇ ಮಗ. ಇವರ ಜೊತೆ ಮಾತಾಡಿದ ಮೇಲೆ ಅತ್ತೆ ನನಗೆ ಕೊಡಲು ಹೇಳುತ್ತಿದ್ದರು.

"ವಂಶ ಅಂತ ಒಂದು ಬೇಡ್ವೇನಮ್ಮ? ಇವಳು ತನ್ನ ಚಿಕ್ಕ ಮಗನ್ನ ನಿಮಗೇ ಕೊಡ್ತೀನಿ ಅಂತಾಳೆ. ದತ್ತು ತಗೊಂಬಿಡಿ," ಎನ್ನುತ್ತಿದ್ದರು. ಇವಳು ಎಂದರೆ ಇವರ ಅಕ್ಕ. ನಾನು "ಹೂಂ ಅತ್ತೆ" ಎನ್ನುತ್ತಿದ್ದೆ. ಬೇಕು ಎಂದೂ ಅನ್ನಿಸುತ್ತಿರಲಿಲ್ಲ, ಬೇಡ ಎಂದೂ ಅನ್ನಿಸುತ್ತಿರಲಿಲ್ಲ.

ಮುದುಕರನ್ನು ನಾನು ಪ್ರೊಫೆಸರ್ ಎಂದು ಕರೆಯುತ್ತಿದ್ದೆ. ನಿವೃತ್ತರಾಗುವವರೆಗೆ ಕಾಲೇಜೊಂದರಲ್ಲಿ ಜರ್ಮನ್ ಕಲಿಸಿದವರು. ಬೆಡ್‌ಶೀಟು ಮಡಚುತ್ತ ಮಡಚುತ್ತ ತಮ್ಮ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಅವರದು ಆಸ್ಟ್ರಿಯಾದ ಹಳೆಯ ಜಮೀನ್ದಾರಿ ಮನೆತನ. ಅವರು ಹುಡುಗರಾಗಿದ್ದಾಗಲೇ, ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಅಲ್ಲಿನ ಸರ್ಕಾರ ಬಿರುದುಗಳನ್ನೆಲ್ಲ ರದ್ದು ಮಾಡಿತು. ಅಜ್ಜನ ಬಂಗಲೆ ಹೊಸ ಗಡಿಯ ಆಚೆ ಉಳಿಯಿತು, ಎರಡನೆಯ ಯುದ್ಧದ ನಂತರ ಅದೂ ಕೈಬಿಟ್ಟಿತು. ಅಣ್ಣಂದಿರು ಯುದ್ಧದಲ್ಲಿ ಹೋದರು. ತಂಗಿ ಬೆಲ್ಜಿಯಂನವನನ್ನು ಮದುವೆಯಾಗಿ ಹೋದಳು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದ ಪ್ರೊಫೆಸರಿಗೆ ಮದುವೆಯೇ ಆಗಲಿಲ್ಲ.

"ಆ ಹೆಸರಿನವನು ನಾನೊಬ್ಬನೇ ಉಳಿದಿರುವುದು," ಎಂದರು, ಇವತ್ತು ಬಿಸಿಲು ಜಾಸ್ತಿ ಎನ್ನುವ ಧಾಟಿಯಲ್ಲಿ.

ಒಂದು ದಿನ ಬಾಗಿಲು ತಟ್ಟಿದರು. ತಂಗಿಯ ಮಗಳು ಬೆಲ್ಜಿಯಂನಿಂದ ಬರುತ್ತಾಳಂತೆ. "ಮೇಡಂ, ಕಾಫಿಗೆ ನೀವೂ ಬರಬೇಕು. ಮೂರನೆಯವರೊಬ್ಬರು ಕೂತಿದ್ದರೆ ನಮ್ಮ ಮನೆಯವರು ದನಿ ಎತ್ತುವುದಿಲ್ಲ."

ನಾನು ಕೋಡುಬಳೆ ಮಾಡಿಕೊಂಡು ಹೋದೆ. ಬಂದಾಕೆ ಐವತ್ತರ ಆಸುಪಾಸಿನ ಹೆಂಗಸು. ಬೆಳ್ಳಗಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಮೊದಲು ಫ್ರೆಂಚಿನಲ್ಲಿ ಮಾತಾಡುತ್ತಿದ್ದವಳು ನನಗಾಗಿ ಇಂಗ್ಲಿಷಿಗೆ ತಿರುಗಿದಳು.

"ಮಾವ, ನನ್ನ ಮಗನನ್ನು ನೀವು ದತ್ತು ತೆಗೆದುಕೊಳ್ಳಬೇಕು. ಅವನು ಒಪ್ಪಿದ್ದಾನೆ. ಹೆಸರು ನಿಮ್ಮ ಜೊತೆಗೇ ಮುಗಿಯಬಾರದು."

"ಅವನಿಗೆ ಈಗ ವಯಸ್ಸೆಷ್ಟು?"

"ಇಪ್ಪತ್ತಾರು."

"ಅವನ ತಂದೆ ಚೆನ್ನಾಗಿದ್ದಾನಲ್ಲ?"

"ಇದ್ದಾರೆ. ಅವರಿಗೂ ಅಭ್ಯಂತರವಿಲ್ಲ."

ಪ್ರೊಫೆಸರ್ ಕೋಡುಬಳೆಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಅದನ್ನು ಅಗಿದು ಮುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.

"ಅವನಿಗೆ ಅಪ್ಪ ಇದ್ದಾನೆ. ಇರುವ ಅಪ್ಪ ಸಾಕು," ಎಂದರು. "ಆ ಹೆಸರಿಗೆ ಒಂದು ಊರಿತ್ತು, ಒಂದು ಭಾಷೆ ಇತ್ತು, ಹೊಲ ಇತ್ತು. ಈಗ ಅದಕ್ಕಿರುವುದು ಬಾಡಿಗೆಯ ಎರಡು ಕೋಣೆ. ಬೆಳೆದ ಹುಡುಗನ ತಲೆಗೆ ನಾನು ಇದನ್ನು ಕಟ್ಟಲಾರೆ."

ಆಕೆ ದನಿ ಎತ್ತಲಿಲ್ಲ. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ನಿಮ್ಮ ದೇಶದಲ್ಲಿ ಹೀಗೆ ಬಿಟ್ಟುಬಿಡುತ್ತಾರೆಯೇ?" ಎಂದು ಕೇಳಿದಳು.

"ಬಿಡುವುದಿಲ್ಲ," ಎಂದೆ. ಆಕೆಯ ಬಗ್ಗೆಯೂ ಅವರ ಬಗ್ಗೆಯೂ ನನಗೆ ಕನಿಕರ ಹುಟ್ಟಬೇಕಾಗಿತ್ತು. ಮೇಜಿನ ಮೇಲೆ ಬಿದ್ದಿದ್ದ ಕೋಡುಬಳೆಯ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತುತ್ತ ಕೂತಿದ್ದೆ.

ಸಂಜೆ ಇವರಿಗೆ ಎಲ್ಲ ಹೇಳಿದೆ. ಇವರು ಬೂಟಿನ ದಾರ ಬಿಚ್ಚುತ್ತ ಕೇಳಿಸಿಕೊಂಡರು.

"ಅವ್ರು ಬೇಡ ಅಂದ್ರಾ?"

"ಬೇಡ ಅಂದ್ರು."

"ಸುಮ್ನೆ, ಅಷ್ಟೇನಾ?"

"ಅಷ್ಟೇ ರೀ."

ಇವರು ಇನ್ನೊಂದು ಬೂಟಿನ ದಾರ ಬಿಚ್ಚತೊಡಗಿದರು.

ಮುಂದಿನ ಫೆಬ್ರವರಿಯಲ್ಲಿ ಪ್ರೊಫೆಸರ್ ಆಸ್ಪತ್ರೆ ಸೇರಿ, ನ್ಯುಮೋನಿಯಾದಿಂದ ತೀರಿಕೊಂಡರು. ತಂಗಿಯ ಮಗಳು ಒಬ್ಬಳೇ ಬಂದಳು. ಊರಿನ ಮನೆತನದ ಸಮಾಧಿಗೆ ಒಯ್ಯಬೇಕೆಂದು ಆಕೆಗೆ ಆಸೆಯಿತ್ತು, ಆದರೆ ಇಲ್ಲಿಯೇ ಮಣ್ಣು ಮಾಡಬೇಕೆಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಗುಡ್ಡದ ಇಳಿಜಾರಿನ ಸ್ಮಶಾನದಲ್ಲಿ ಪಾದ್ರಿ, ಆಕೆ, ನಾವಿಬ್ಬರು. ಕೆಳಗೆ ಫ್ರೀವೇಯ ಸದ್ದು ಒಂದೇ ಸಮನೆ ಬರುತ್ತಿತ್ತು.

ಪಾದ್ರಿ ಹೊರಟ ಮೇಲೆ ಆಕೆ ಚೀಲದಿಂದ ಮರದ ಪುಟ್ಟ ಗುರಾಣಿಯೊಂದನ್ನು ತೆಗೆದಳು. ಅದರ ಮೇಲೆ ಬಣ್ಣ ಮಾಸಿದ ಹಕ್ಕಿ, ಕೆಳಗೆ ಎರಡು ಪಟ್ಟಿ. ಅವರ ಮನೆತನದ ಲಾಂಛನವಂತೆ. ಅವಳ ತಾಯಿ ಮದುವೆಯಾಗಿ ಹೋಗುವಾಗ ತವರಿನಿಂದ ಒಯ್ದಿದ್ದಂತೆ.

"ಕೊನೆಯ ಗಂಡಸು ತೀರಿಕೊಂಡಾಗ ಇದನ್ನು ಗೋರಿಯ ಮುಂದೆ ಮುರಿಯಬೇಕು. ಹಳೆಯ ಪದ್ಧತಿ," ಎಂದಳು. "ಅವರು ಬೇಡ ಎಂದಮೇಲೆ ಇದನ್ನಾದರೂ ಸರಿಯಾಗಿ ಮಾಡೋಣ."

ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಮರ ಗಟ್ಟಿಯಾಗಿತ್ತು. ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ. ಆಮೇಲೆ ಅದನ್ನು ಇವರ ಕಡೆ ಚಾಚಿದಳು.

ಇವರು ನನ್ನ ಮುಖ ನೋಡಿದರು. ಇವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಗುರಾಣಿಯನ್ನು ಮಂಡಿಗೆ ಆನಿಸಿ ಒತ್ತಿದರು. ಲಟ್ಟೆಂದು ಎರಡಾಯಿತು. ಆಕೆ ಆ ಹೆಸರನ್ನು ಒಂದು ಸಲ ಗಟ್ಟಿಯಾಗಿ ಹೇಳಿ, ಜರ್ಮನ್‌ನಲ್ಲಿ ಇನ್ನೇನೋ ಹೇಳಿದಳು. "ಇವತ್ತಿನವರೆಗೆ ಇತ್ತು, ಇನ್ನಿಲ್ಲ" ಎಂದು ಅದರ ಅರ್ಥವೆಂದು ನಮಗೆ ತಿಳಿಸಿ ಎರಡೂ ತುಂಡುಗಳನ್ನು ಮಣ್ಣಿನೊಳಕ್ಕೆ ಹಾಕಿದಳು. ಇವರು ಅಂಗೈಗೆ ಹೊಕ್ಕಿದ್ದ ಸಿಬಿರನ್ನು ಹಲ್ಲಿನಿಂದ ಕಿತ್ತರು.

ಆಕೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬರುವಾಗ ಇವರು ಬಹಳ ನಿಧಾನವಾಗಿ ಕಾರು ಓಡಿಸಿದರು. ಹಿಂದಿನವರು ಹಾರ್ನ್ ಹಾಕಿದರೂ ಲೇನು ಬದಲಿಸಲಿಲ್ಲ. ಎಲ್ ಕಮಿನೊ ರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತಾಗ, "ಹಸಿವಾಗ್ತಿದ್ಯಾ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ.

ಆ ಶನಿವಾರ ಇವರು ಅತ್ತೆಗೆ ಹೇಳಿದರು: "ಅಮ್ಮ, ದತ್ತು ವಿಷಯ ಬಿಟ್ಬಿಡು. ಅವನು ಅಕ್ಕ ಭಾವನ ಮಗ. ಅವ್ರ ಹತ್ರಾನೇ ಬೆಳೀಲಿ. ನಾವಿಬ್ರೇ ಇರ್ತೀವಿ." ಅತ್ತೆ ಅಂದು ನನಗೆ ಫೋನು ಕೊಡಲು ಹೇಳಲಿಲ್ಲ. ಅನೇಕ ವಾರ ಹೇಳಲಿಲ್ಲ. ಆಮೇಲೆ ಒಂದು ದಿನ ಉಪ್ಪಿನಕಾಯಿ ಕಳಿಸಲೇ ಎಂದು ಕೇಳಿದರು. ಆ ವಿಷಯ ಮತ್ತೆ ಎತ್ತಲಿಲ್ಲ.

ನನಗೆ ಅಳು ಬಂದದ್ದು ಬೇಸಿಗೆಯಲ್ಲಿ, ಕ್ಯುಪರ್ಟಿನೋದ ಗ್ರೋಸರಿ ಅಂಗಡಿಯೊಂದರ ಕ್ಯೂನಲ್ಲಿ ನಿಂತಿದ್ದಾಗ. ಕೈಯಲ್ಲಿ ಹಾಲು, ಬ್ರೆಡ್ಡು ಅಷ್ಟೇ ಇದ್ದವು. ಏಕೆ ಬಂತೆಂದು ತಿಳಿಯಲಿಲ್ಲ, ನಿಲ್ಲಿಸಲೂ ಆಗಲಿಲ್ಲ. ಮುಂದಿದ್ದ ಹೆಂಗಸು ತನ್ನ ತುಂಬಿದ ಗಾಡಿಯನ್ನು ಪಕ್ಕಕ್ಕೆ ಸರಿಸಿ, ನೀವು ಮೊದಲು ಹೋಗಿ ಎಂದಳು. ನಾನು ಹೋದೆ.